ಛತ್ರದ ಮೇಲಿನ ಅಟ್ಟದ ಮನೆ

ಮನೆ ಹುಡುಕುವ ವಿಷಯದಲ್ಲಿ ನನಗೊಂದು ವಿಶೇಷ ದೃಷ್ಟಿ ಇದೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಸರಗೂರಿನ ಹೈಸ್ಕೂಲಿನಿಂದ ಹುಣಸೂರಿಗೆ ವರ್ಗವಾದಾಗ ಆ ನಂಬಿಕೆಯನ್ನೂ ಪಾತ್ರೆ ಪಡಗದ ಜೊತೆ ಕಟ್ಟಿಕೊಂಡು ಬಂದೆ. ನಾನು ಪಾಠ ಹೇಳುವುದು ಸಮಾಜ ವಿಜ್ಞಾನ. ಅದರಲ್ಲೂ ಚರಿತ್ರೆ ಎಂದರೆ ಜೀವ. ಹೊಸ ಬಡಾವಣೆಯಲ್ಲಿ ದಲ್ಲಾಳಿ ತೋರಿಸಿದ ಮನೆಗಳೆಲ್ಲ ಒಂದೇ ಅಚ್ಚಿನವು. ನೀರು ಬರುತ್ತಿತ್ತು, ಗಾಳಿ ಬರುತ್ತಿತ್ತು, ಬಾಗಿಲುಗಳು ಮುಚ್ಚುತ್ತಿದ್ದವು. ಅಂಥ ಮನೆಯಲ್ಲಿ ವಾಸ ಮಾಡಬಹುದಿತ್ತು, ಅಷ್ಟೇ.

ಪೇಟೆ ಬೀದಿಯ ನಡುಮಧ್ಯದಲ್ಲಿ ನಂಜಪ್ಪನವರ ಛತ್ರ ಕಣ್ಣಿಗೆ ಬಿದ್ದ ದಿನ ನನ್ನ ಹುಡುಕಾಟ ನಿಂತಿತು. ಅವರ ತಾತ ಕಟ್ಟಿಸಿದ ಕಟ್ಟಡ. ತೇಗದ ಕಂಬಗಳು, ನಾಡಹೆಂಚು, ಕೆಳಗೆ ಒಂದು ದೊಡ್ಡ ಹಜಾರ. ಹಜಾರದ ಮೇಲೆ ಉದ್ದಕ್ಕೂ ಮರದ ಹಲಗೆ ಹಾಸಿದ ಅಟ್ಟ. ಹಿಂದೆ ಸಂತೆಗೆ ಬಂದವರು ಅಲ್ಲಿ ಮಲಗುತ್ತಿದ್ದರಂತೆ. ಈಗ ಅದೇ ಅಟ್ಟಕ್ಕೆ ಒಂದು ಅಡುಗೆ ಕಟ್ಟೆ, ಒಂದು ಬಚ್ಚಲು ಸೇರಿಸಿ ಬಾಡಿಗೆಗೆ ಇಟ್ಟಿದ್ದರು. ಬೀದಿಯ ಕಡೆಗೆ ಸಾಲು ಕಿಟಕಿಗಳು, ಕಿಟಕಿಗೆ ಹೆಬ್ಬೆರಳು ದಪ್ಪದ ಕಬ್ಬಿಣದ ಸರಳುಗಳು.

"ಹಳೇ ಕಟ್ಟಡ ಕಣ್ರೀ ಮೇಷ್ಟ್ರೇ," ಎಂದರು ನಂಜಪ್ಪನವರು. "ಬ್ಯಾಸ್ಗೆಲೂ ಫ್ಯಾನ್ ಬ್ಯಾಡ. ಕೆಳಗೆ ಯಾವಾಗ್ಲಾರ ಒಂದು ಮದ್ವೆ ಆಯ್ತದೆ. ಅದೊಂದ ಬುಟ್ರೆ ನಿಮ್ಮನ್ನ ಮಾತಾಡ್ಸೋರೇ ಇಲ್ಲ."

ನನ್ನ ಹೆಂಡತಿ ಸರೋಜ ಅಟ್ಟ ನೋಡಲಿಲ್ಲ, ಕಂಬ ನೋಡಲಿಲ್ಲ. ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. ಎರಡು ಗೋಡೆಗಳ ನಡುವೆ ಹತ್ತುವ ಮರದ ಮೆಟ್ಟಿಲು ಅದು; ಅರ್ಧದಲ್ಲಿ ಒಂದು ಪುಟ್ಟ ಕಟ್ಟೆ, ಅಲ್ಲಿಂದ ಬಲಕ್ಕೆ ತಿರುವು, ತಿರುವಿನ ತಲೆಯ ಮೇಲೊಂದು ತೊಲೆ.

"ರೀ, ಬೀರು ಇಲ್ಲಿ ಹತ್ತುತ್ತಾ?" ಎಂದಳು.

ಬೀರು ಎಂದರೆ ಅವಳ ತವರಿನದು. ಹನಗೋಡಿನ ನಮ್ಮ ಮಾವನವರು ಮದುವೆಯಲ್ಲಿ ಕೊಟ್ಟದ್ದು. ಹಸಿರು ಬಣ್ಣ, ಒಂದು ಬಾಗಿಲಿಗೆ ಉದ್ದ ಕನ್ನಡಿ. ಎಷ್ಟು ಮನೆ ಬದಲಾದರೂ ಅದಕ್ಕೊಂದು ಗೀಚು ಬೀಳದಂತೆ ಅವಳು ಕಾಯ್ದುಕೊಂಡು ಬಂದಿದ್ದಳು.

ನಾನು ವೈಜ್ಞಾನಿಕವಾಗಿ ಮುಂದುವರಿದೆ. ಎರಡೂ ಕೈ ಚಾಚಿ ಗೋಡೆಯಿಂದ ಗೋಡೆಗೆ ಅಳತೆ ತೆಗೆದುಕೊಂಡೆ. ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು, ಯಾರಿಗೂ ತಗಲದಂತೆ ಮೆಟ್ಟಿಲಿಳಿದು ಬಂದೆ. ಆ ಹೊತ್ತಿಗೆ ನಂಜಪ್ಪನವರ ಮನೆಯವರು ಕಾಫಿ ತಂದರು. ನಾನು ಮರ್ಯಾದಸ್ಥ, ನಮಸ್ಕಾರ ಮಾಡಿದೆ. ಅಳತೆ ಹೋಯಿತು. ಕಾಫಿ ಕುಡಿದ ಮೇಲೆ ಅಂದಾಜಿನ ಮೇಲೆ ಕೈಗಳನ್ನು ಮತ್ತೆ ಅಗಲಿಸಿ, "ಧಾರಾಳವಾಗಿ ಹತ್ತುತ್ತೆ," ಎಂದು ತೀರ್ಪು ಕೊಟ್ಟೆ. ಸರೋಜ ನನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದಳು.

ಸಾಮಾನು ಸಾಗಿಸಲು ಪಂಚಾಂಗ ನೋಡಿ ಬಹಳ ಒಳ್ಳೆಯ ದಿನ ಆರಿಸಿದೆ. ಅಂಥ ಒಳ್ಳೆಯ ದಿನ ಬೇರೆಯವರ ಪಂಚಾಂಗದಲ್ಲೂ ಇರುತ್ತದೆ ಎನ್ನುವುದು ನನ್ನ ಗಮನಕ್ಕೆ ಬರಲಿಲ್ಲ.

ಬೆಳಿಗ್ಗೆ ನಮ್ಮ ಲಗೇಜ್ ಆಟೋ ಪೇಟೆ ಬೀದಿಗೆ ತಿರುಗಿದಾಗ ಛತ್ರದ ಮುಂದೆ ಚಪ್ಪರ, ಬಾಳೆಕಂದು, ವಾಲಗ. ಒಂದು ಕ್ಷಣ ನಂಜಪ್ಪನವರು ನಮಗಾಗಿ ಇಷ್ಟೆಲ್ಲ ಮಾಡಿಸಿದ್ದಾರೆಂದು ನನ್ನ ಕಣ್ಣು ತೇವವಾಯಿತು.

"ಅಯ್ಯೋ, ಹೇಳಾದೇ ಮರ್ತೆ ಕಣ್ರೀ," ಎನ್ನುತ್ತ ಅವರು ಓಡಿ ಬಂದರು. "ಇವತ್ತು ಮದ್ವೆ ಅದೆ. ಅಟ್ಟದಾಗೆ ಹೆಣ್ಣಿಗೆ ಸಿಂಗಾರ ಮಾಡ್ತಾವ್ರೆ. ನಮ್ ತಾತನ ಕಾಲದಿಂದ್ಲೂ ಹೆಣ್ಣು ಇಳಿಯಾದು ಅಲ್ಲಿಂದ್ಲೇ. ಧಾರೆ ಮುಗಿಯಗಂಟ ಒಸಿ ಸುಧಾರ್ಸ್ಕಳ್ಳಿ."

ಐತಿಹಾಸಿಕ ಕಟ್ಟಡದಲ್ಲಿ ಬಾಡಿಗೆಗೆ ಇರುವವನಿಗೆ ಇಷ್ಟಾದರೂ ಉದಾರತೆ ಬೇಡವೆ? ಒಪ್ಪಿಕೊಂಡೆ.

"ಹಾಗಾದ್ರೆ ಧಾರೆ ಆದ ಮೇಲೇ ಸಾಮಾನು ಹತ್ತಿಸೋಣ ಕಣ್ರೀ," ಎಂದಳು ಸರೋಜ. "ಊಟಕ್ಕೂ ಇರಿ ಅಂತಾವ್ರೆ."

ಇದು ಅತ್ಯಂತ ಸರಿಯಾದ ಸಲಹೆಯಾಗಿತ್ತು. ಆದ್ದರಿಂದ ನಾನು ಅದನ್ನು ತಳ್ಳಿಹಾಕಿದೆ. ಆಟೋದ ಸಿದ್ದರಾಜುವಿಗೆ ಪಿರಿಯಾಪಟ್ಟಣಕ್ಕೆ ಇನ್ನೊಂದು ಟ್ರಿಪ್ ಇತ್ತು. ಮೇಲಾಗಿ ರಾಹುಕಾಲ ಹತ್ತಿರ ಬರುತ್ತಿತ್ತು. "ಬೀರು ಒಂದನ್ನು ಏರಿಸಿಬಿಡೋಣ, ಮಿಕ್ಕದ್ದು ಆಮೇಲೆ," ಎಂದೆ. ಒಳಗಿನ ಬಟ್ಟೆಬರೆ ಖಾಲಿ ಮಾಡೋಣ ಎಂದು ಅವಳು ಹೇಳಿದ್ದನ್ನೂ ಕಾಲಹರಣವೆಂದು ಬಗೆದೆ. ಬೀಗ ಹಾಕಿದ್ದ ಬೀರು ಹಾಗೇ ಇಳಿಯಿತು.

ಚಪ್ಪರದ ಕೆಳಗೆ ಬೀರು ಕಂಡದ್ದೇ ತಡ, ಗಂಡಿನ ಕಡೆಯವರಲ್ಲಿ ಸಂಚಲನವಾಯಿತು. ಹೆಣ್ಣಿನ ತಂದೆ ಉಡುಗೊರೆ ತರಿಸಿದ್ದಾರೆ ಎಂದುಕೊಂಡರು. ಒಬ್ಬ ಅಜ್ಜಿ ಬಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಫೋಟೋದವನು ಇಬ್ಬರು ಚಿಕ್ಕಪ್ಪಂದಿರನ್ನು ಅದರ ಅಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆದ. "ಬೀಗ್ರು ಗಟ್ಟಿ ಮಾಲೇ ತಂದವ್ರೆ," ಎಂದು ಯಾರೋ ಬೆರಳಲ್ಲಿ ಬಡಿದು ನೋಡಿದರು. ಹೆಣ್ಣಿನ ತಂದೆ ಮಾತ್ರ, ತಾನು ಇದನ್ನು ಯಾವಾಗ ತರಿಸಿದ್ದು ಎಂದು ನೆನಪಿಸಿಕೊಳ್ಳಲು ಯತ್ನಿಸುತ್ತ ಬಿಳಿಚಿಕೊಂಡಿದ್ದರು. ಅದು ನಮ್ಮದೆಂದು ನಾನು ವಿವರಿಸಿದೆ. ಗಂಡಿನ ಕಡೆಯವರ ಮುಖ ಸಣ್ಣಗಾಯಿತು. ಕೊಟ್ಟ ಉಡುಗೊರೆಯನ್ನು ವಾಪಸು ಕಿತ್ತುಕೊಂಡವನಂತೆ ನನ್ನನ್ನು ನೋಡಿದರು.

ಮೆಟ್ಟಿಲಲ್ಲಿ ಕೆಳಗಿನಿಂದ ಸಿದ್ದರಾಜು ಮತ್ತು ಅವನ ಜೊತೆಗಾರ ತಳ್ಳುವುದು, ಮೇಲಿನಿಂದ ನಾನು ಹಗ್ಗ ಹಿಡಿದು ಎಳೆಯುವುದು ಎಂದು ಯೋಜನೆ. ನಾಯಕ ಮುಂದಿರಬೇಕಷ್ಟೆ. ನಡುವಿನ ಕಟ್ಟೆಯವರೆಗೆ ಬೀರು ನನ್ನ ಅಂದಾಜನ್ನು ಗೌರವಿಸಿತು. ತಿರುವಿನಲ್ಲಿ ತಡೆಯಿತು.

"ಸಾ, ಇದು ಆಗಕಿಲ್ಲ. ಇಳಿಸ್ಬುಡವಾ," ಎಂದ ಸಿದ್ದರಾಜು.

"ನಿಲ್ಲಿಸಿ ತಿರುಗಿಸೋಣ," ಎಂದೆ ನಾನು.

ನಿಲ್ಲಿಸಿದರು. ತಿರುಗಿಸಿದರು. ಅರ್ಧ ತಿರುಗಿತು. ಆಮೇಲೆ ಮೇಲಿನ ತೊಲೆಯ ಕಡೆಯಿಂದ 'ಗಕ್' ಎಂದು ಒಂದು ಶಬ್ದ ಬಂತು. ಅಲ್ಲಿಗೆ ಬಿಟ್ಟಿದ್ದರೆ ಏನಾದರೂ ಉಳಿಯುತ್ತಿತ್ತೇನೋ. ನಾನು ಭುಜ ಕೊಟ್ಟು ಒಮ್ಮೆ ಜೋರಾಗಿ ನೂಕಿದೆ. ಬೀರು ಎರಡು ಗೋಡೆಗಳ ನಡುವೆ, ತೊಲೆಯ ಕೆಳಗೆ, ತಾತನ ಕಾಲದಿಂದಲೂ ಅಲ್ಲೇ ಇದ್ದಂತೆ ಕೂತಿತು. ಬಾಗಿಲು ಮದುವೆ ಮನೆಯ ಕಡೆ, ಬೆನ್ನು ನನ್ನ ಕಡೆ. ಪಕ್ಕದ ಸಂದಿಯಲ್ಲಿ ಒಂದು ಕೈ ತೂರುತ್ತಿತ್ತು, ಅಷ್ಟೇ.

ಎಳೆದರು, ನೂಕಿದೆ. ನೂಕಿದರು, ಎಳೆದೆ. ಆಗ ನನ್ನ ಬೆನ್ನ ಹಿಂದೆ ಬಳೆ ಸದ್ದಾಯಿತು. ತಿರುಗಿ ನೋಡಿದರೆ ಮೊಗ್ಗಿನ ಜಡೆ, ಬಾಸಿಂಗ ಎಲ್ಲ ತೊಟ್ಟು ಮದುಮಗಳು ನಿಂತಿದ್ದಳು. ಹೆಸರು ಚೈತ್ರಾ. ಅವಳ ಹಿಂದೆ ಅವಳ ತಾಯಿ, ಅತ್ತೆಯರು, ಚಿಕ್ಕಮ್ಮಂದಿರು.

"ಸಾರ್, ಇನ್ನು ಸ್ವಲ್ಪ ಹೊತ್ತಿಗೆ ನನ್ನ ಧಾರೆ," ಎಂದಳು ಆ ಹುಡುಗಿ, ಬಸ್ಸಿನಲ್ಲಿ ಸ್ಟಾಪು ಬಂತೆಂದು ಹೇಳುವಷ್ಟು ಶಾಂತವಾಗಿ.

ಅಟ್ಟಕ್ಕೆ ಬೇರೆ ದಾರಿ ಇಲ್ಲ. ಕಿಟಕಿಗೆ ಸರಳು. ಅಷ್ಟು ಹೆಂಗಸರ ನಡುವೆ ಒಬ್ಬನೇ ಗಂಡಸಾಗಿ ಸಿಕ್ಕಿಬಿದ್ದ ನಾನು, ಮೌನ ತಾಳಲಾರದೆ ಈ ಛತ್ರದ ಚರಿತ್ರೆ ಹೇಳತೊಡಗಿದೆ. ಎಲ್ಲರೂ ಕೇಳಿಸಿಕೊಂಡರು. ಎದ್ದುಹೋಗಲು ಅವರಿಗೆ ಜಾಗವಿರಲಿಲ್ಲ.

ಕೆಳಗೆ ಬೇರೆಯೇ ಚರಿತ್ರೆ ಹುಟ್ಟುತ್ತಿತ್ತು. ಹೆಣ್ಣು ಇಳಿಯುತ್ತಿಲ್ಲ ಎಂಬ ಸುದ್ದಿ ಹಜಾರ ದಾಟುವಷ್ಟರಲ್ಲಿ ಹೆಣ್ಣು ಇಳಿಯಲು ಒಪ್ಪುತ್ತಿಲ್ಲ ಎಂದಾಗಿತ್ತು. ಚಪ್ಪರ ಮುಟ್ಟುವ ಹೊತ್ತಿಗೆ, ಅಟ್ಟದಲ್ಲಿ ಅವಳ ಜೊತೆ ಯಾರೋ ಒಬ್ಬ ಗಂಡಸು ಇದ್ದಾನಂತೆ ಎಂಬುದೂ ಸೇರಿಕೊಂಡಿತ್ತು. ಅದು ನಾನು. ನನ್ನ ಐವತ್ತರ ಹತ್ತಿರದ ವಯಸ್ಸನ್ನಾಗಲಿ, ಹೊಟ್ಟೆಯನ್ನಾಗಲಿ ಯಾರೂ ಸುದ್ದಿಗೆ ಸೇರಿಸಿರಲಿಲ್ಲ. ಗಂಡಿನ ತಂದೆ ಹೆಗಲ ಮೇಲಿನ ಶಲ್ಯ ಕೊಡವಿ, "ಮರ್ವಾದೆ ಕಳೆಯಕ್ಕೆ ಕರೆಸಿದ್ರಾ ನಮ್ಮನ್ನ? ನಡೀರಿ ಓಗವಾ," ಎಂದು ಎದ್ದೇ ಬಿಟ್ಟರಂತೆ.

ಹೆಣ್ಣಿನ ತಾಯಿ ಅಳಲು ಶುರುಮಾಡಿದರು. ನನಗೆ ನಿಜವಾಗಿ ಭಯವಾದದ್ದು ಆಗ. ಒಂದು ಮನೆ ಬಾಡಿಗೆಗೆ ಹಿಡಿಯಲು ಹೋಗಿ ಇನ್ನೊಂದು ಮನೆಯ ಮದುವೆ ಮುರಿಯುವವನಿದ್ದೆ.

ಚೈತ್ರಾ ತಾಯಿಯ ಕೈಯಿಂದ ಫೋನು ತೆಗೆದುಕೊಂಡು ಹಸೆಯ ಮೇಲೆ ಕೂತಿದ್ದ ಮದುಮಗನಿಗೇ ಕರೆ ಮಾಡಿದಳು. "ರೀ, ನಾನು ರೆಡಿ ಇವ್ನಿ. ಮೆಟ್ಲಿಗೆ ಬೀರು ಸಿಕ್ಕಾಕಂಡದೆ. ನಿಮ್ಮಪ್ಪಂಗೆ ಒಸಿ ಕೂತ್ಕಳಕ್ಕೇಳಿ... ಇಲ್ಲ, ನಮ್ಮ ಬೀರಲ್ಲ... ಯಾರೋ ಮೇಷ್ಟ್ರುದು... ಹೂಂ, ಇಲ್ಲೇ ಅವ್ರೆ. ಪಾಠ ಮಾಡ್ತಾವ್ರೆ."

ಮದುಮಗ ಎದ್ದು ಬಂದು ಸ್ವತಃ ಬೀರುವನ್ನು ನೋಡಿದ ಮೇಲೆ ಗಂಡಿನ ತಂದೆ ಕೂತರು. ಆದರೆ ಮುಹೂರ್ತ ಕೂರುವುದಿಲ್ಲವಲ್ಲ. ಬೀರುವಿನ ಮುಂದೆ ಪಂಚಾಯಿತಿ ಸೇರಿತು. ನನಗೆ ಸಂದಿಯಲ್ಲಿ ಮಾತು ಮಾತ್ರ ಕೇಳುತ್ತಿತ್ತು. ಮೆಟ್ಟಿಲ ಕಡೆಗಿದ್ದ ಕನ್ನಡಿಯಲ್ಲಿ ಈ ನಡುವೆಯೇ ಕೆಲವರು ತಲೆ ಬಾಚಿಕೊಂಡು ಹೋದರೆಂದು ಆಮೇಲೆ ತಿಳಿಯಿತು.

"ತೊಲೆ ಕುಯ್ಬುಡವಾ," ಎಂದರು ಒಬ್ಬರು.

"ನಮ್ ತಾತ ಆಕ್ಸಿದ್ ತೊಲೆ ಅದು," ಎಂದರು ನಂಜಪ್ಪನವರು. "ಮುಟ್ಟಿದ್ರೆ ಸೂರು ಕೆಳಕ್ ಬತ್ತದೆ."

"ಗೋಡೆ ಒಡೆಯವಾ?"

"ಗೋಡೆ ಮ್ಯಾಲೇ ತೊಲೆ ಇರಾದು."

ಕುಯ್ಯಲು ಉಳಿದಿದ್ದು ಒಂದೇ ವಸ್ತು. ಅದನ್ನು ಹೇಳಲು ಎಲ್ಲರಿಗೂ ಸಂಕೋಚ. ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಮಾವನವರು ಆ ಬೀರುವನ್ನು ಹನಗೋಡಿನಿಂದ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ತಂದದ್ದು ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

"ಬೀರು ಕುಯ್ರಿ," ಎಂದಳು ಸರೋಜ.

"ತಾಯಿ, ತವರುಮನೇದು ಅಂತೀರಿ..." ಎಂದರು ನಂಜಪ್ಪನವರು.

"ನಮ್ಮಪ್ಪ ಕೊಟ್ಟಿದ್ದು ಮದುವೆಗೆ ಅಂತಲೇ. ಹುಡುಗಿ ಕಾಯ್ತಾವ್ಳೆ, ಬೇಗ ಕುಯ್ರಿ."

ಬೀಗದ ಕೈ ಅವಳ ಪರ್ಸಿನಲ್ಲಿತ್ತು. ಬಾಗಿಲು ತೆರೆದು ಒಂದೊಂದೇ ಬಟ್ಟೆ ತೆಗೆದು ಕೆಳಗೆ ಸಾಗಿಸಿದರು. ಅವಳ ಸೀರೆಗಳ ಜೊತೆ ನನ್ನ ಬನಿಯನ್ ಇತ್ಯಾದಿಗಳೂ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದವರ ಮುಂದೆಯೇ ಮೆರವಣಿಗೆ ಹೋದವಂತೆ. ನಾನು ಅದನ್ನು ಕಣ್ಣಾರೆ ನೋಡಲಿಲ್ಲ. ಆ ದಿನ ನನಗೆ ಸಿಕ್ಕ ಏಕೈಕ ಅನುಕೂಲ ಅದು.

ಕುಯ್ಯಲು ಮುಂದಾದವರು ಹೆಣ್ಣಿನ ಸೋದರಮಾವ ಕಾಳೇಗೌಡರು. ಹೆಣ್ಣನ್ನು ಹಸೆಗೆ ಕರೆತರುವ ಹಕ್ಕು ಅವರದು. ಅದಕ್ಕೆ ಅಡ್ಡ ಬಂದದ್ದು ಏನೇ ಇರಲಿ, ಅದನ್ನು ಮುಗಿಸುವ ಹಕ್ಕೂ ತಮ್ಮದೇ ಎಂದರು. ಅವರ ಊರಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಇದೆ. ಅದರ ತಗಡಿನ ಕೊಳವೆಗಳನ್ನು ವರ್ಷವರ್ಷ ಕುಯ್ದು ಕೂಡಿಸಿ ಅವರಿಗೆ ಅಭ್ಯಾಸ. ಎದುರಂಗಡಿಯಿಂದ ಉಳಿ ಸುತ್ತಿಗೆ ತರಿಸಿ, ರೇಷ್ಮೆ ಪಂಚೆ ಎತ್ತಿ ಕಟ್ಟಿ, ಬೀರುವಿನೊಳಕ್ಕೆ ಹೊಕ್ಕರು. ಸೀರೆ ನೇತುಹಾಕುವ ಕಡೆಯ ಬೆನ್ನಿನ ತಗಡಿಗೆ ಒಳಗಿನಿಂದ ಏಟು ಬೀಳತೊಡಗಿತು. ಈಚೆ ಕಡೆ ನಿಂತ ನನಗೆ ಪ್ರತಿ ಏಟೂ ನನ್ನ ಬೆನ್ನಿಗೇ ಬಿದ್ದಂತೆ ಕೇಳಿಸಿತು. ವಾಲಗದವರು ಸದ್ದು ಮುಚ್ಚಲೆಂದು ಇನ್ನೂ ಜೋರಾಗಿ ಊದಿದರು.

ತಗಡು ಬಾಗಿಲಿನಂತೆ ಮಡಚಿಕೊಂಡಿತು. ತೂತಿನಲ್ಲಿ ಕಾಳೇಗೌಡರ ಬೆವೆತ ಮುಖ ಕಾಣಿಸಿತು. ಅವರು ಮೊದಲು ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. "ಒಸಿ ಪಕ್ಕಕ್ಕೆ ಬನ್ನಿ ಸಾರ್," ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಕುಯ್ದ ಅಂಚು ಹುಡುಗಿಗೆ ತಗಲದಿರಲೆಂದು ಸರೋಜ ತನ್ನ ಮದುವೆಯ ಮೈಸೂರು ರೇಷ್ಮೆ ಸೀರೆಯನ್ನೇ ಮಡಚಿ ಅಲ್ಲಿ ಹಾಸಿದಳು. ಚೈತ್ರಾ ಜಡೆ ಹಿಡಿದುಕೊಂಡು, ಬಾಸಿಂಗ ಬಗ್ಗಿಸಿ, ಆ ಕಡೆ ದಾಟಿ, ಬೀರುವಿನ ತೆರೆದ ಬಾಗಿಲಿನಿಂದ ಸೋದರಮಾವನ ಕೈ ಹಿಡಿದು ಮೆಟ್ಟಿಲಿಗೆ ಇಳಿದಳು. ಕೆಳಗಿದ್ದ ಜನ ಒಮ್ಮೆಗೇ ಚಪ್ಪಾಳೆ ತಟ್ಟಿದರು. ವಾಲಗದವರು ತಬ್ಬಿಬ್ಬಾಗಿ ಅಲ್ಲೇ ಗಟ್ಟಿಮೇಳ ಬಾರಿಸಿಬಿಟ್ಟರು. ಕುಂಕುಮ ಹಚ್ಚಿದ್ದ ಅಜ್ಜಿ ಪಕ್ಕದವರಿಗೆ, "ಈಗಿನ ಮದ್ವೇಲಿ ಎಣ್ಮಕ್ಳು ಇಂಗೂ ಬರ್ತವೆ ಕಣವ್ವ, ಇದ್ಕೆಲ್ಲ ತುಂಬಾ ಖರ್ಚಾಯ್ತದಂತೆ," ಎಂದು ತಿಳಿಸಿ ಹೇಳಿದರಂತೆ.

ಚಿಕ್ಕಮ್ಮಂದಿರೆಲ್ಲ ದಾಟಿದ ಮೇಲೆ ನಾನು ಹೊರಟೆ. ಮದುಮಗಳು ದಾಟಿದ ಜಾಗದಲ್ಲಿ ನನ್ನ ಹೊಟ್ಟೆ ದಾಟಲಿಲ್ಲ. ಹಿಂದು ಮುಂದಾಗಿ ಪ್ರಯತ್ನಿಸಿದೆ. ಷರಟಿನ ಕಾಲರು ಒಳಗಿನ ಸರಳಿಗೆ ಸಿಕ್ಕಿಕೊಂಡಿತು. ಸಿದ್ದರಾಜು ಎಳೆದು ಬಿಡಿಸುವವರೆಗೆ ಇಸ್ತ್ರಿಯಾಗದ ಕೋಟಿನಂತೆ ನಾನು ನೇತಾಡಿದ ಆ ದೃಶ್ಯ ಮದುವೆಯ ವಿಡಿಯೋದಲ್ಲಿದೆ. ನಿಧಾನ ಗತಿಯಲ್ಲಿ, ಹೂವಿನ ಚೌಕಟ್ಟು ಹಾಕಿದ್ದಾರೆ.

ಧಾರೆ ಮುಹೂರ್ತದೊಳಗೇ ಆಯಿತು. ಊಟಕ್ಕೆ ಕೂರದೆ ತಪ್ಪಿಸಿಕೊಳ್ಳೋಣವೆಂದರೆ ಹೆಣ್ಣಿನ ತಂದೆ ಬಿಡಲಿಲ್ಲ; ಕೈ ಹಿಡಿದು ಕರೆದೊಯ್ದು ಕೂರಿಸಿದರು. ಸರೋಜ ಪಕ್ಕದ ಎಲೆಗೆ ಬಂದಳು. ಬೀರು ವಿಷಯ ಎತ್ತಲಿಲ್ಲ. ಉಪ್ಪಿನಕಾಯಿ ಚೆನ್ನಾಗಿದೆ ಎಂದಳು. ಹರಿದ ಕಾಲರನ್ನು ಒಳಕ್ಕೆ ಮಡಚಿಕೊಂಡು, ಯಾರ ಕಣ್ಣಿಗೂ ಬೀಳದಂತೆ ನಾನು ಎಲೆಯ ಮೇಲೆ ಬಗ್ಗಿದ್ದೆ.

ಹೋಳಿಗೆ ಬಡಿಸುತ್ತ ಬಂದ ಯಜಮಾನರೊಬ್ಬರು ನನ್ನ ಮುಂದೆ ನಿಂತು, ಉಪಚಾರಕ್ಕೆಂದು ಕೇಳಿದರು: "ತಾವು ಎಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?"

ನಾನು ಉತ್ತರ ಹುಡುಕುತ್ತಿರುವಾಗ ಸರೋಜ ತಲೆ ಎತ್ತದೆ ಹೇಳಿದಳು: "ಇವ್ರು ಬೀರು ಕಡೆಯೋರು."

ಯಜಮಾನರು ಅರ್ಥವಾಯಿತೆಂಬಂತೆ ತಲೆಯಾಡಿಸಿ, ನನ್ನ ಎಲೆಗೆ ಅರ್ಧ ಹೋಳಿಗೆ ಹಾಕಿ ಮುಂದಕ್ಕೆ ಹೋದರು.