ಗುಡ್ಡವಿಲ್ಲದ ದೇಶದಲ್ಲಿ ಅತ್ತಿಗೆಯ ಸೈಕಲ್

ನನ್ನ ಅತ್ತಿಗೆಯ ಪ್ರಕಾರ ಕತಾರ್ ದೇಶಕ್ಕೆ ಇರುವ ಕೊರತೆ ಒಂದೇ ಒಂದು. ಬಿಸಿಲಲ್ಲ, ಧೂಳಲ್ಲ, ಊರಿನ ಕುಚ್ಚಲಕ್ಕಿ ಒಮ್ಮೊಮ್ಮೆ ಸಿಗದಿರುವುದೂ ಅಲ್ಲ. ಇಲ್ಲಿ ಗುಡ್ಡವಿಲ್ಲ!

"ಯಾರೋ ಮೇಸ್ತ್ರಿ ನೆಲ ಲೆವೆಲ್ ಮಾಡಿ, ಮನೆ ಕಟ್ಲಿಕ್ಕೆ ಮರೆತು ಹೋದ ಹಾಗೆ ಉಂಟು ಮಾರಾಯ್ತಿ" ಎಂದು ಅವರು ಗೊಣಗದ ವಾರವಿಲ್ಲ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ವಯಸ್ಸು ಐವತ್ತೆಂಟು. ಮದುವೆಯಾಗಲಿಲ್ಲ. ಮೂವತ್ತು ವರ್ಷಗಳಿಂದ ದೋಹಾದಲ್ಲಿ ನರ್ಸ್, ಅಲ್ ಗರಾಫಾದ ಒಂದು ಸಣ್ಣ ಫ್ಲ್ಯಾಟಿನಲ್ಲಿ ಒಬ್ಬರೇ ವಾಸ. ನಾವಿರುವುದು ಊರಿನ ಇನ್ನೊಂದು ತುದಿಯ ಅಲ್ ವುಕೈರ್‌ನಲ್ಲಿ. ಈ ದೂರ ನಮ್ಮ ಕುಟುಂಬದ ಆರೋಗ್ಯಕ್ಕೆ ಒಳ್ಳೆಯದೆಂದು ನನ್ನ ಗಂಡ ಹೇಳುತ್ತಾರೆ. ಅಕ್ಕ ಇಲ್ಲದಾಗ ಮಾತ್ರ.

ಮೂರು ವರ್ಷಗಳ ಹಿಂದೆ ಅತ್ತಿಗೆಗೆ ಮಂಡಿನೋವು ಬಂತು. ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಪಾಪ, ಅವರು ಜಿಮ್ಮಿನ ನಿಂತ ಸೈಕಲ್ಲಿನ ಬಗ್ಗೆ ಹೇಳಿದ್ದಿರಬೇಕು! ಅತ್ತಿಗೆ ಸೀದಾ ಹೋಗಿ ಓಡುವ ಸೈಕಲ್ಲನ್ನೇ ತಂದರು. ಹುಟ್ಟಿದ ಮೇಲೆ ಒಮ್ಮೆಯೂ ಅದನ್ನು ಹತ್ತಿದವರಲ್ಲ. ಊರಾಚೆ ಸೈಕಲ್ಲಿಗೆಂದೇ ಹಾಕಿರುವ ಟ್ರ್ಯಾಕಿನಲ್ಲಿ ಕಲಿಕೆ ಶುರುವಾಯಿತು. ಎಷ್ಟು ಸಲ ಬಿದ್ದರೋ ದೇವರಿಗೇ ಗೊತ್ತು. ಬಿದ್ದಾಗಲೆಲ್ಲ ರಸ್ತೆಯ ಅಂಚಿನಲ್ಲಿ ಕುಳಿತು, ತಮಗೆ ತಾವೇ ಡ್ರೆಸ್ಸಿಂಗ್ ಮಾಡಿಕೊಂಡು, "ನೆಕ್ಸ್ಟ್!" ಎಂದು ಎದ್ದು ನಿಲ್ಲುತ್ತಿದ್ದರು.

ಕೊನೆಗೂ ಸೈಕಲ್ ತುಳಿಯಲು ಬಂತು. ಆದರೆ ಕಾರುಗಳ ಭಯ ಹೋಗಲಿಲ್ಲ. ಹಿಂದಿನಿಂದ ದೊಡ್ಡ ಬಿಳಿ ಗಾಡಿಯೊಂದು ಲೈಟು ಮಿನುಗಿಸಿತೆಂದರೆ ಆಪರೇಷನ್ ಥಿಯೇಟರಿನಲ್ಲಿ ಯಾವುದಕ್ಕೂ ಹೆದರದ ಅತ್ತಿಗೆ ಸೈಕಲ್ ಸಮೇತ ರಸ್ತೆ ಬಿಟ್ಟು ಮರಳಿಗೆ ಇಳಿದುಬಿಡುತ್ತಿದ್ದರು. ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ ಅವರಿಗೆ ಒಂದು ವಿಡಿಯೊ ಸಿಕ್ಕಿತು. ಆಲ್ಪ್ಸ್ ಬೆಟ್ಟಗಳ ನಡುವೆ ಒಂದು ಕಣಿವೆ. ಬೇಸಗೆಯಲ್ಲಿ ಒಂದು ದಿನ ಅಲ್ಲಿನ ರಸ್ತೆಯನ್ನು ಕಾರುಗಳಿಗೆ ಮುಚ್ಚಿಬಿಡುತ್ತಾರಂತೆ. ಕೆಳಗಿನ ಹಳ್ಳಿಯಿಂದ ಬೆಟ್ಟದ ನೆತ್ತಿಯವರೆಗೆ ಬರೀ ಸೈಕಲ್ಲುಗಳು!

ಅತ್ತಿಗೆ ಫೋನ್ ಮಾಡಿದರು. ಮೂವತ್ತು ವರ್ಷಗಳಲ್ಲಿ ಅವರ ಕನ್ನಡಕ್ಕೆ ಇಲ್ಲಿನ ಅರಬ್ಬಿಯೂ ಸೇರಿಕೊಂಡಿದೆ; 'ಮಾಫಿ' ಎಂದರೆ ಇಲ್ಲ. "ನೋಡು, ಇಡೀ ರಸ್ತೆ ಉಂಟು. ಕಾರು ಮಾಫಿ! ಲಾರಿ ಮಾಫಿ! ನಾವು ಜುಲೈಯಲ್ಲಿ ಹೋಗ್ತೇವೆ."

"ನಾವು ಅಂದ್ರೆ ಯಾರು ಅತ್ತಿಗೆ?"

"ನಾನು ಮತ್ತೆ ನೀನು. ಟಿಕೆಟ್ ಆಯ್ತು. ಖಲಾಸ್."

ನಾನು ಗಂಡನ ಮುಖ ನೋಡಿದೆ. ಅವರು ಟಿವಿ ನೋಡಿದರು. ಟಿವಿ ಆಫ್ ಆಗಿತ್ತು!

ಈಗ ತರಬೇತಿಯ ಪ್ರಶ್ನೆ. ಸೈಕಲ್ ತುಳಿಯುವುದು ನನಗೆ ಶಾಲೆಯ ದಿನಗಳಿಂದಲೇ ಗೊತ್ತಿತ್ತು. ಬೆಟ್ಟ ಹತ್ತುವುದನ್ನು ಅಭ್ಯಾಸ ಮಾಡಲು ಬೆಟ್ಟ ಬೇಡವೇ? ಹಮದ್ ಬಂದರಿನ ನನ್ನ ಆಫೀಸಿನ ಕಿಟಕಿಯಿಂದ ಕಾಣುವ ಅತ್ಯಂತ ಎತ್ತರದ ವಸ್ತುವೆಂದರೆ ಕ್ರೇನು. ಅದರ ಮೇಲೆ ಸೈಕಲ್ ಓಡುವುದಿಲ್ಲವೆಂದು ಅತ್ತಿಗೆಗೆ ನಾನೇ ವಿವರಿಸಬೇಕಾಯಿತು. ಕೊನೆಗೆ ಅವರೇ ಒಂದು ಗುಡ್ಡ ಹುಡುಕಿದರು: ಒಂದು ಮಾಲ್‌ನ ಐದು ಮಹಡಿಯ ಪಾರ್ಕಿಂಗ್! ಶುಕ್ರವಾರ ಬೆಳಿಗ್ಗೆ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಸುತ್ತಿ ಸುತ್ತಿ ಮೇಲೇರುವ ದಾರಿ.

ಮೊದಲ ಶುಕ್ರವಾರವೇ ಸೆಕ್ಯುರಿಟಿಯ ಮಲಯಾಳಿ ನಮ್ಮ ಹಿಂದೆ ಓಡಿ ಬಂದ. "ಚೇಚೀ! ಸೈಕಲ್ ಮಾಫಿ! ನಹೀ! ಸ್ಟಾಪ್!" ಎಂದು ತನಗೆ ಬರುವ ಎಲ್ಲ ಭಾಷೆಗಳಲ್ಲೂ ತಡೆದ. ಆದರೆ ಐದು ಮಹಡಿ ಓಡಿ ಹತ್ತಿದ ಅವನಿಗೆ ಐದನೆಯ ಭಾಷೆಗೆ ಉಸಿರು ಉಳಿದಿರಲಿಲ್ಲ. ಅತ್ತಿಗೆ ಸೈಕಲ್ ನನ್ನ ಕೈಗೆ ಕೊಟ್ಟು ಅವನ ನಾಡಿ ಹಿಡಿದರು.

"ಬೈಠೋ. ಪ್ರೆಷರ್ ಹೈ ಕ್ಯಾ? ಗೋಲಿ ಲೇತಾ ಹೈ?"

ಪ್ರೆಷರ್ ಇತ್ತು. ಗುಳಿಗೆ ನುಂಗುತ್ತಿರಲಿಲ್ಲ. ಅತ್ತಿಗೆ ಹತ್ತು ನಿಮಿಷ ಬೈದರು. ಮುಂದಿನ ಶುಕ್ರವಾರ ಅವನು ತನ್ನ ರಕ್ತಪರೀಕ್ಷೆಯ ಕಾಗದಗಳನ್ನು ಹಿಡಿದು ಗೇಟಿನಲ್ಲೇ ನಿಂತಿದ್ದ. ಅದರ ಮುಂದಿನ ಶುಕ್ರವಾರ ಅಪ್ಪಿತಪ್ಪಿ ಒಂದು ಕಾರು ಬಂದರೆ ಅದಕ್ಕೇ ಕೈ ಅಡ್ಡ ಹಿಡಿದು, "ವೆಯಿಟ್, ಮೇಡಂ ಕಮಿಂಗ್" ಎನ್ನತೊಡಗಿದ!

ಇನ್ನು ಚಳಿಯ ತರಬೇತಿ. ಮೇ ತಿಂಗಳಲ್ಲಿ, ಹೊರಗೆ ಕಾವಲಿಯ ಹಾಗೆ ನೆಲ ಕಾಯುತ್ತಿರುವಾಗ, ಅತ್ತಿಗೆ ನಮ್ಮ ಮನೆಗೆ ಬಂದು ಏಸಿಯನ್ನು ಹದಿನಾರಕ್ಕೆ ಇಳಿಸಿದರು. ಸೈಕಲ್ಲನ್ನು ಹಾಲಿನಲ್ಲಿ ಸ್ಟ್ಯಾಂಡಿಗೆ ಏರಿಸಿ ನನ್ನನ್ನು ಕೂರಿಸಿದರು. ನನ್ನ ಗಂಡ ಮಫ್ಲರ್ ಸುತ್ತಿಕೊಂಡು ನೀರ್‌ದೋಸೆ ತಿಂದರು. ಇಂಗ್ಲಿಷ್ ಶಾಲೆಯಲ್ಲಿ ಕಲಿಯುವ ನನ್ನ ಮಗಳು ಕಂಬಳಿಯೊಳಗಿಂದ ತಲೆ ಹೊರಹಾಕಿ, "ಅತ್ತೆ, ನಂಗೆ ತುಂಬಾ ಚಳಿ ಬರ್ತಾ ಇದ್ದಾಳೆ" ಎಂದಳು.

"ಬರ್ಲಿ ಪುಟ್ಟಾ, ಅವಳನ್ನೂ ಕರ್ಕೊಂಡು ಹೋಗುವ" ಎಂದರು ಅತ್ತಿಗೆ.

ಅಂತೂ ಜುಲೈ ಬಂತು. ನಾವು ಹೊರಟೇಬಿಟ್ಟೆವು.

ಆ ಕಣಿವೆಯ ಬೆಳಗನ್ನು ನಾನು ಹೇಗೆ ಹೇಳಲಿ? ಎರಡೂ ಕಡೆ ಹಸಿರು, ಅದರ ಮೇಲೆ ಬಂಡೆ, ಬಂಡೆಯ ಮೇಲೆ ಬಿಳಿ ಹಿಮ. ನಡುವೆ ತೊಳೆದಿಟ್ಟಂತಹ ರಸ್ತೆ. ತಡೆಗಂಬದ ಆಚೆ ಕಾರುಗಳೆಲ್ಲ ಶಾಲೆಯ ಹೊರಗೆ ನಿಲ್ಲಿಸಿದ ತುಂಟ ಮಕ್ಕಳ ಹಾಗೆ ಸುಮ್ಮನೆ ನಿಂತಿದ್ದವು. ಮಧ್ಯಾಹ್ನ ಎರಡಕ್ಕೆ ಮತ್ತೆ ಅವುಗಳ ರಾಜ್ಯ. ಅಷ್ಟರೊಳಗೆ ನಾವು ನೆತ್ತಿ ಮುಟ್ಟಿ ಕೆಳಗಿಳಿಯಬೇಕು.

ಬಾಡಿಗೆ ಸೈಕಲ್ ಹತ್ತಿದ ಅತ್ತಿಗೆ ಮೊದಲ ತಿರುವಿನಲ್ಲೇ ಇಳಿದರು. ಸೈಕಲ್ಲನ್ನು ಬದಿಗೆ ಒರಗಿಸಿ, ರಸ್ತೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕುಳಿತರು. ಚೀಲದಿಂದ ಚಕ್ಕುಲಿ ತೆಗೆದರು.

"ಅತ್ತಿಗೆ, ಎಂತ ಮಾಡ್ತಾ ಇದ್ದೀರಿ? ಏಳಿ!"

"ಮೂವತ್ತು ವರ್ಷ ಜೀವ ಕೈಯಲ್ಲಿ ಹಿಡ್ಕೊಂಡು ರಸ್ತೆ ದಾಟಿದ್ದೇನೆ. ಇವತ್ತು ನಾನು ಕೂರ್ತೇನೆ. ನಿಂಗೂ ಬೇಕಾ ಚಕ್ಕುಲಿ?"

ಕುಳಿತೆವು! ಸೈಕಲ್ಲಿನವರು ನಮ್ಮನ್ನು ಬಳಸಿಕೊಂಡು ಕೈ ಬೀಸುತ್ತ ಹೋದರು. ಅತ್ತಿಗೆ ಎಲ್ಲರಿಗೂ "ಯಲ್ಲಾ! ಯಲ್ಲಾ!" ಎಂದು, ನಡೀರಿ ನಡೀರಿ ಅನ್ನುವ ಹಾಗೆ, ಅರಬ್ಬಿಯಲ್ಲೇ ಹುರಿದುಂಬಿಸಿದರು. ಬಿಳಿಗಡ್ಡದ ಅಜ್ಜನೊಬ್ಬ ಅರ್ಥ ತಿಳಿಯದೆಯೂ "ಯಲ್ಲಾ!" ಎಂದು ತಿರುಗಿ ಕೂಗಿದ. ಮತ್ತೆ ಸೈಕಲ್ ಹತ್ತಿ ಇನ್ನೆರಡು ತಿರುವು ದಾಟುವಾಗ ಕೊರಳ ಗಂಟೆ ಅಲ್ಲಾಡಿಸುತ್ತ ದನಗಳ ಒಂದು ಸಾಲು ಎದುರಾಯಿತು. "ಅಯ್ಯೋ, ಇಲ್ಲಿಯೂ ಟ್ರಾಫಿಕ್ಕಾ!" ಎಂದು ಅತ್ತಿಗೆ ನಕ್ಕ ನಗೆ ಬೆಟ್ಟಕ್ಕೆ ಬಡಿದು ವಾಪಸು ಬಂತು.

ಆದರೆ ಪಾರ್ಕಿಂಗ್ ಬೇರೆ, ಪರ್ವತ ಬೇರೆ. ಪಾರ್ಕಿಂಗಿಗೆ ಐದನೇ ಮಹಡಿಯಲ್ಲಿ ಕೊನೆಯಿತ್ತು. ಇಲ್ಲಿ ಪ್ರತಿ ತಿರುವಿನ ಆಚೆ ಇನ್ನೊಂದು ತಿರುವು! ನೆತ್ತಿ ಇನ್ನೂ ಮೇಲೆ ಇರುವಾಗಲೇ ನನ್ನ ಎಡಗಾಲಿನ ಮೀನಖಂಡ ಕಲ್ಲಿನಂತೆ ಬಿಗಿಯಿತು. ಇಳಿದು ಹುಲ್ಲಿನ ಮೇಲೆ ಕುಳಿತುಬಿಟ್ಟೆ.

"ನೀವು ಹೋಗಿ ಅತ್ತಿಗೆ. ನಾನು ಇಲ್ಲೇ ಇರ್ತೇನೆ."

ಅವರು ಗಡಿಯಾರ ನೋಡಿದರು, ಮೇಲೆ ನೋಡಿದರು, ನನ್ನನ್ನು ನೋಡಿದರು. "ನೀರು ಕುಡಿ, ಕಾಲು ನೀಡಿ ಕೂತ್ಕೋ. ಬಂದೆ" ಎಂದು ತುಳಿಯುತ್ತ ಹೋದರು. ಅವರ ಕೇಸರಿ ಜಾಕೆಟ್ ಒಂದು ತಿರುವಿನಲ್ಲಿ ಕಂಡಿತು, ಇನ್ನೊಂದರಲ್ಲಿ ಕಂಡಿತು, ಆಮೇಲೆ ಕಾಣಲಿಲ್ಲ. ನನಗೆ ಇದ್ದಕ್ಕಿದ್ದಂತೆ ಅಳು ಬಂತು. ಯಾಕೆಂದು ಕೇಳಬೇಡಿ. ಗೊತ್ತಿಲ್ಲ.

ಎಲ್ಲರೂ ಮೇಲೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಒಂದೇ ಒಂದು ಸೈಕಲ್ ಕೆಳಗೆ ಬಂತು. ಕೇಸರಿ ಜಾಕೆಟ್!

"ಇಷ್ಟು ಬೇಗ ಮುಟ್ಟಿದಿರಾ?"

"ಇಲ್ಲ. ನೆತ್ತಿಯ ಬೋರ್ಡು ಕಾಣ್ತಾ ಇತ್ತು. ತಿರುಗಿ ಬಂದೆ."

"ಯಾಕೆ ಅತ್ತಿಗೆ? ಎರಡು ತಿಂಗಳು ಆ ಪಾರ್ಕಿಂಗಲ್ಲಿ..."

ಅವರು ಪಕ್ಕದಲ್ಲಿ ಕುಳಿತು, ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದರು. ಕಾಲಿನಿಂದ ಕಣ್ಣೆತ್ತದೆಯೇ ಹೇಳಿದರು:

"ಒಬ್ಬಳೇ ಹೋಗುವುದೆಲ್ಲ ನಾನು ಎಷ್ಟೋ ಹೋಗಿ ಆಯ್ತು ಮಾರಾಯ್ತಿ. ಮೇಲೆ ನಿಂತು ನೋಡು ಅಂತ ಯಾರಿಗೆ ಹೇಳುವುದು? ಅದಕ್ಕೇ ಅಲ್ವಾ ನಿನ್ನನ್ನು ಕರ್ಕೊಂಡು ಬಂದದ್ದು."

ಕಾಲು ಸಡಿಲವಾಯಿತು. ಆದರೆ ಎರಡು ಗಂಟೆ ಹತ್ತಿರವಾಗಿತ್ತು, ಮೇಲೇರಲು ಹೊತ್ತಿರಲಿಲ್ಲ.

ಇಬ್ಬರೂ ಪಕ್ಕಪಕ್ಕದಲ್ಲೇ, ರಸ್ತೆಯ ಅಗಲವನ್ನೆಲ್ಲ ನಮ್ಮದೇ ಮಾಡಿಕೊಂಡು, ನಿಧಾನ ಇಳಿದೆವು. ಪ್ರತಿ ತಿರುವಿನಲ್ಲೂ ಅತ್ತಿಗೆ ಕೈ ತೋರಿಸಿ "ನೋಡು" ಎಂದರು. ಹಿಮ ನೋಡು, ಹೊಳೆ ನೋಡು, ಆ ದನ ನೋಡು.

ನಾನು ಎಲ್ಲವನ್ನೂ ನೋಡಿದೆ.