ಏಳನೆಯ ಕುಣಿ ಮುಳುಗಿದ್ದು

ಊಹೆ ಮಾಡಿ ನೋಡೋಣ. ಒಬ್ಬ ಮನುಷ್ಯ ಒಂದು ಕೆರೆ ಕಟ್ಟಿದ. ಆ ಕೆರೆಯಲ್ಲಿ ಒಂದು ಹನಿ ನೀರಿಲ್ಲ. ಆದರೂ ಅವನ ಜೀವದ ಗೆಳೆಯನ ಜಾಗ ಅದರಲ್ಲಿ ಮುಳುಗಿತು. ಗೆಳೆಯ ಜಾಗಕ್ಕೆ ಜಾಗ ಕೊಡಿರೆಂದು ಅರ್ಜಿ ಬರೆದ. ಏನಾಗಿರಬಹುದು? ಬಿಡಿ, ನಿಮ್ಮಿಂದಾಗುವುದಿಲ್ಲ. ಕೆರೆ ಕಟ್ಟಿದ ನನಗೇ ಆಗ ತಿಳಿಯಲಿಲ್ಲ.

ನೀರಾವರಿ ಇಲಾಖೆಯಲ್ಲಿ ಎಂಜಿನಿಯರನಾಗಿದ್ದು ನಿವೃತ್ತನಾದ ದಿನ, ಇನ್ನು ನನ್ನ ಕೈಯಿಂದ ಯಾವ ಅನಾಹುತವೂ ಆಗಲಾರದೆಂದು ಹೆಂಡತಿಗೆ ಭರವಸೆ ಕೊಟ್ಟಿದ್ದೆ. ಆದರೆ ಇಂಥವು ನನಗೆ ಆಗುತ್ತಲೇ ಇರುತ್ತವೆ. ಕೆಲವರನ್ನು ಕಂಡರೆ ಬೀದಿನಾಯಿ ಬೆನ್ನು ಹತ್ತುತ್ತದಲ್ಲ, ಹಾಗೆ. ಓಡಿದರೂ ಬಿಡುವುದಿಲ್ಲ, ನಿಂತರೂ ಬಿಡುವುದಿಲ್ಲ.

೧. ಗುಡ್ಡ ಎದ್ದದ್ದು

ಸರ್ವೀಸಿನ ನೆನಪುಗಳನ್ನು ಟೈಪು ಮಾಡಬೇಕೆಂದು ಹುಬ್ಬಳ್ಳಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದೆ. ಅದರೊಳಗೆ ಹಿಂದಿನ ಮಾಲೀಕರು ಬಿಟ್ಟುಹೋದ ಗಾಲ್ಫ್ ಆಟವೊಂದಿತ್ತು. ಗಾಲ್ಫ್ ಎಂದರೆ ಕೋಲಿನಿಂದ ಚೆಂಡು ಹೊಡೆಯುತ್ತ ಹೊಡೆಯುತ್ತ ದೂರದ ಒಂದು ಕುಣಿಯಲ್ಲಿ ಕೆಡವುವುದು. ಆ ಕೋಲನ್ನು ನಾನು ಜನ್ಮದಲ್ಲಿ ಮುಟ್ಟಿದವನಲ್ಲ. ಆದರೆ ಆಟದ ಒಂದು ಮೂಲೆಯಲ್ಲಿ, ಬೇಕಾದರೆ ಮೈದಾನವನ್ನು ನೀವೇ ಕಟ್ಟಿಕೊಳ್ಳಬಹುದು ಎಂದು ಬರೆದಿತ್ತು. ಮೌಸ್ ಒತ್ತಿ ಹಿಡಿದರೆ ನೆಲ ಏಳುತ್ತದೆ, ಇನ್ನೊಂದು ಕಡೆ ಒತ್ತಿದರೆ ತಗ್ಗಾಗುತ್ತದೆ. ಟೆಂಡರ್ ಇಲ್ಲ, ಅಂದಾಜುಪತ್ರಿಕೆ ಇಲ್ಲ, ಮೇಲಿನವರ ಸಹಿ ಇಲ್ಲ! ನೆನಪುಗಳು ಅಲ್ಲಿಗೇ ನಿಂತವು, ಇವತ್ತಿಗೂ ಮೊದಲ ಪುಟದಲ್ಲೇ ಇವೆ.

ನಮ್ಮ ಧಾರವಾಡದ ಕಡೆ ಏರಿದ್ದು ಗೊತ್ತಾಗುವುದರೊಳಗೆ ಇಳಿಜಾರು ಬಂದಿರುತ್ತದೆ. ಸರ್ವೀಸಿನುದ್ದಕ್ಕೂ ಎರೆಹೊಲದ ಬದು ನೋಡಿದ ನನಗೆ ಒಂದು ಖರೇ ಗುಡ್ಡದ ಆಸೆ ಇತ್ತು. ಮೂರು ದಿನ ಕೂತು ಎಬ್ಬಿಸಿದೆ. ತುದಿಯಲ್ಲಿ ಹಿಮ, ಮಗ್ಗುಲಿಗೆ ಕಣಿವೆ, ಬುಡದಿಂದ ತುದಿಯ ತನಕ ಒಂಬತ್ತು ಕುಣಿ, ಒಂದೊಂದಕ್ಕೂ ಒಂದೊಂದು ನಿಶಾನೆಯ ಬಾವುಟ. ಹೆಂಡತಿಯನ್ನು ಕರೆದು ತೋರಿಸಿದೆ. ಹಿಟ್ಟಿನ ಕೈಯಲ್ಲೇ ಬಂದಳು.

“ಇಷ್ಟ ದೊಡ್ಡ ಗುಡ್ಡಾ ಎಬ್ಬಿಸೀರಿ, ಮ್ಯಾಲೊಂದು ಗುಡಿ ಇಲ್ಲಲ್ರಿ?”

“ಗಾಲ್ಫ್‌ದಾಗ ಗುಡಿ ಇರಂಗಿಲ್ಲ.”

“ಹಂಗಾರ ಜನಾ ಯಾಕ ಹತ್ತತಾರ?”

ಅವಳು ಇನ್ನಷ್ಟು ಬಗ್ಗಿ ನೋಡಿದಳು. “ನಿಶಾನಿ ಅಂತೂ ಹಚ್ಚೀರಿ. ಅದೂ ಒಂಬತ್ತ ಕಡೆ! ಎಲ್ಲಿ ಕುಂಡ್ರಬೇಕಂತ ದೇವರಿಗೇ ತಿಳೀವಲ್ದು.”

೨. ಗಟಾರ

ಗುಡ್ಡವೆಂದ ಮೇಲೆ ಮಳೆ, ಮಳೆಯೆಂದ ಮೇಲೆ ನೀರಿಗೊಂದು ದಾರಿ. ಆ ಆಟದೊಳಗೆ ಮಳೆಯೇ ಬರುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೆ ಕೈ ಕೇಳಬೇಕಲ್ಲ! ರಸ್ತೆಗೆ ಕೊಡುವ ಹಾಗೆ ಹುಲ್ಲಿನ ಹಾದಿಯನ್ನು ನಡುವೆ ಉಬ್ಬಿಸಿ ಎರಡೂ ಬದಿಗೆ ಇಳುಕಲು ಕೊಟ್ಟೆ. ಅಂಚಿಗುಂಟ ಗಟಾರ ತೋಡಿದೆ. ಒಂಬತ್ತು ಹಾದಿಯ ಗಟಾರಗಳನ್ನೂ ಕೆಳಗೆ ಒಂದು ಹೊಂಡಕ್ಕೆ ಕೂಡಿಸಿದೆ.

ಇಂಟರ್‌ನೆಟ್ಟಿನಲ್ಲಿ ಈ ಆಟದವರದೊಂದು ಗುಂಪಿದೆ. ಅಲ್ಲಿ ನನ್ನ ಗುಡ್ಡವನ್ನು ಹಂಚಿದೆ. ಯಾವುದೋ ದೇಶದ ಆಟಗಾರನೊಬ್ಬ ಎರಡು ದಿನ ಆಡಿ ಬರೆದ: “ಎಲ್ಲಿಂದ ಹೊಡೆದರೂ, ಹೇಗೆ ಹೊಡೆದರೂ, ನನ್ನ ಚೆಂಡುಗಳೆಲ್ಲ ಕೊನೆಗೆ ಒಂದೇ ಹೊಂಡದಲ್ಲಿ ಸಿಗುತ್ತವೆ. ದಯವಿಟ್ಟು ಗಮನಿಸಿ.”

ಸರ್ವೀಸಿನಲ್ಲಿ ಇಂಥ ಪತ್ರ ನನಗೆ ಒಂದೂ ಬಂದಿರಲಿಲ್ಲ. ಎರಡು ಸಲ ಓದಿ, ಹೆಂಡತಿಗೂ ಓದಿ ಹೇಳಿ, ಉತ್ತರ ಬರೆದೆ: “ಧನ್ಯವಾದಗಳು. ನಡುವೆ ಎಲ್ಲಿಯೂ ಕಟ್ಟಿಕೊಳ್ಳಲಿಲ್ಲ ತಾನೆ?”

೩. ಗಡಿಕಲ್ಲು

ಇನ್ನು ನನ್ನ ಗೆಳೆಯ. ಅವನು ಸರ್ವೇಯರ್ ಆಗಿದ್ದವನು. ಹೆಬ್ಬಳ್ಳಿಯ ಹೊಲಗಳಲ್ಲಿ ಸರಪಳಿ ಎಳೆಯುವುದರಿಂದ ಶುರುಮಾಡಿ, ಎಲ್ಲೆಲ್ಲಿಯದೋ ಗುಡ್ಡಗಳನ್ನು ಅಳೆದು ನಿವೃತ್ತನಾದ. ಗುಡ್ಡವೆಂದರೆ ಅವನಿಗೆ ಪ್ರಾಣ. ಈಗ ಎರಡೂ ಮೊಣಕಾಲು ಕೈಕೊಟ್ಟಿವೆ. ನಮ್ಮ ಮನೆಯ ಮುಂದಿನ ಮೂರು ಮೆಟ್ಟಿಲನ್ನು ಮೂರು ಬೇರೆ ಬೇರೆ ಊರಿನ ಹಾಗೆ ಹತ್ತುತ್ತಾನೆ, ಪ್ರತಿ ಊರಿನಲ್ಲೂ ಒಂದು ಮುಕ್ಕಾಮು. ಮನೆ ಎರಡು ಓಣಿ ಆಚೆ. ಆದರೂ ದಿನಾ ಸಂಜೆ ನಾಲ್ಕೂವರೆಗೆ ಚಹಾಕ್ಕೆ ಹಾಜರು. ಕಾಲೇಜಿನ ದಿನಗಳಿಂದ ನಮ್ಮಿಬ್ಬರದು ‘ಲೇ’ ಎನ್ನುವ ಸಲಿಗೆ. ನಡುವೆ ‘ತಾವು’ ಬಂತೆಂದರೆ ಜಗಳ ಬಂತೆಂದೇ ಲೆಕ್ಕ.

ಗುಡ್ಡ ನೋಡಿದವನೇ, “ಲೇ, ಒಂಬತ್ತರಾಗ ಒಂದು ನನಗ ಬಿಡು” ಎಂದ. ಏಳನೆಯದನ್ನು ಬಿಟ್ಟುಕೊಟ್ಟೆ. ನಡುಗುಡ್ಡದಲ್ಲಿ ಅಂಗಳದಂಥ ಒಂದು ಸಮತಟ್ಟು ಜಾಗ ಅದು. ಅವನು ಮೊದಲು ಮಾಡಿದ್ದೇನು? ನಾಲ್ಕು ಮೂಲೆಗೆ ನಾಲ್ಕು ಗಡಿಕಲ್ಲು ನಿಲ್ಲಿಸಿದ್ದು, ಆಮೇಲೆ ನಡುವೆ ಸಾಲಾಗಿ ಇನ್ನಷ್ಟು. ಆಡಿ ನೋಡಿದೆ. ಚೆಂಡು ಕಲ್ಲಿಗೆ ಬಡಿದು ಟಪ್ಪನೆ ಹಿಂದಿರುಗಿತು.

“ಲೇ, ಇದು ಹೊಡದವನ ಹಣಿಗೇ ಹೊಳ್ಳಿ ಬರತೈತಲೇ!”

“ಹದ್ದ ಮೀರಿದ್ರ ಮತ್ತೇನಾಕ್ಕೈತಿ? ನಾ ನಿಂದರ್ಸಿದ ಕಲ್ಲ ಇವತ್ತಿನ ತನಕಾ ಯಾವನೂ ದಾಟಿಲ್ಲ. ನಿನ್ನ ಚೆಂಡು ಯಾವೂರ ದೊಡ್ಡ ಮನಶ್ಯಾ?”

೪. ಉಸ್ಸಪ್ಪಾ

ಕಲ್ಲು ಮುಗಿದ ಮೇಲೆ ಅವನಿಗೆ ಒಂದು ಬೇವಿನ ಗಿಡ ಬೇಕಾಯಿತು, ಅದರ ಬುಡಕ್ಕೆ ಕೂಡ್ರಲು ಒಂದು ಕಟ್ಟೆ. ಆಟದಲ್ಲಿ ಬೇವು ಎಲ್ಲಿಂದ ಬರಬೇಕು? ಇದ್ದದ್ದು ತಣ್ಣನೆ ದೇಶದ ಸೂಜಿಯೆಲೆಯ ಮರ, ಅದೊಂದೇ. “ಇರ್ಲಿ ಬಿಡು, ಕನ್ನಡಕಾ ತಗದ್ರ ಬೇವನ ಕಾಣತೈತಿ” ಎಂದ. ಕಟ್ಟೆಯ ಬದಲು ಒಂದು ಮರದ ಬೆಂಚು ಸಿಕ್ಕಿತು.

ಅಂದಿನಿಂದ ಅವನು ಆಟ ಆಡಲೇ ಇಲ್ಲ. ಬಂದವನೇ ಕಂಪ್ಯೂಟರಿನ ಮುಂದೆ ಕೂತು, ಗುಡ್ಡದ ಬುಡದಿಂದ ಬಾಣದ ಗುಂಡಿ ಒತ್ತಿಕೊಂಡು ಹತ್ತುತ್ತಿದ್ದ. ಒಂದನೆಯ ಕುಣಿ, ಎರಡನೆಯದು, ತಿರುವು, ಹಳ್ಳ, ಮತ್ತೆ ಏರು. ನಡುವೆ ಮಾತಾಡಿಸಿದರೆ, “ತಡೀಲೇ, ಜಾರ ಐತಿಲ್ಲಿ” ಎನ್ನುತ್ತಿದ್ದ. ಬೆಂಚಿಗೆ ಮುಟ್ಟಿದ ಕೂಡಲೇ ಕುರ್ಚಿಗೆ ಒರಗಿ, “ಉಸ್ಸಪ್ಪಾ!” ಎಂದು ಖರೇಖರೇ ಏದುಸಿರು ಬಿಟ್ಟು, ಹಣೆ ಒರೆಸಿಕೊಂಡು ಅಡಿಗೆಮನೆಯ ಕಡೆ ಕೂಗುತ್ತಿದ್ದ: “ವೈನಿ, ಒಂದ ತಂಬಿಗಿ ನೀರ ಕಳಸ್ರಿ ಮ್ಯಾಲ!”

ನಮ್ಮ ಮನೆಗೆ ಮಾಳಿಗೆಯೇ ಇಲ್ಲ. ಹೆಂಡತಿ ಮಾತ್ರ ಒಮ್ಮೆಯೂ ತಪ್ಪು ತಿಳಿಯದೆ ನೀರು ತಂದುಕೊಡುತ್ತಿದ್ದಳು.

೫. ಕೆರೆ

ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ.

ಅದೇ ಗುಂಪಿನ ಅದೇ ಆಟಗಾರ ಮತ್ತೆ ಬರೆದ: “ಏಳನೆಯದರಲ್ಲಿ ಕಲ್ಲುಗಳು ಬಹಳ. ಅಲ್ಲೊಂದು ಕೆರೆ ಇದ್ದರೆ ಈ ಗುಡ್ಡ ಎಲ್ಲರಿಗೂ ಮೆಚ್ಚಿಗೆಯಾದೀತು.” ಕೆರೆ! ನೋಡಿ, ಕಾಲುವೆ ತೋಡಿದೆ, ಗಟಾರ ತೋಡಿದೆ, ತೂಬು ರಿಪೇರಿ ಮಾಡಿಸಿದೆ. ಹೊಸದಾಗಿ ಒಂದು ಕೆರೆ ಕಟ್ಟುವ ಯೋಗ ಮಾತ್ರ ನನಗೆ ಬರಲಿಲ್ಲ. ಒಂದು ಬಂದಿತ್ತು, ಫೈಲಿನಲ್ಲೇ ಬತ್ತಿಹೋಯಿತು. ಈಗ ಒಬ್ಬ ಪರದೇಶದವನು ತಾನಾಗಿ ಕೇಳುತ್ತಿದ್ದಾನೆ! ನೀರಿನ ಮಟ್ಟ ಎಷ್ಟಿರಬೇಕೆಂದು ಆಟ ಕೇಳಿತು. ಉಮೇದಿಯಲ್ಲಿ ಸ್ವಲ್ಪ ದೊಡ್ಡದೇ ಒಂದು ಅಂಕಿ ಹಾಕಿದೆ. ಕಣ್ಣುಮುಚ್ಚಿ ತೆಗೆಯುವುದರಲ್ಲಿ ಏಳನೆಯದರ ನೆಲ ಬೋಗುಣಿಯ ಹಾಗೆ ತಗ್ಗಿತು, ಅಂಚಿನ ತನಕ ನೀರು ತುಂಬಿತು. ಕಲ್ಲು ಹೋದವು, ಬೆಂಚು ಹೋಯಿತು, ಗಿಡದ ತುದಿಯೂ ಹೋಯಿತು.

ನಾನು ನೋಡಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನೋಡಿದೆ. ಉಳಿಸಿಕೊಳ್ಳಲೇ ಎಂದು ಕಂಪ್ಯೂಟರ್ ಕೇಳಿತು. ಕೆರೆ ಎಷ್ಟು ಛಲೋ ಕಾಣುತ್ತಿತ್ತೆಂದರೆ, ಹ್ಞೂಂ ಎಂದುಬಿಟ್ಟೆ. ಸರ್ವೀಸಿನಲ್ಲಿ ಒಬ್ಬರಿಗೂ ನೋಟೀಸು ಕೊಡದೆ ಕಾಲುವೆಗೆ ನೀರು ಬಿಟ್ಟವನಲ್ಲ ನಾನು.

ನಾಲ್ಕೂವರೆಗೆ ಅವನು ಬಂದ. ಅವತ್ತು ರೊಟ್ಟಿ ಪಂಚಮಿ. ನಮ್ಮ ಕಡೆ ಆ ದಿನ ಮನೆಯಿಂದ ಮನೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಓಡಾಡುತ್ತವೆ. ಅವನ ಕೈಯಲ್ಲೂ ಒಂದು ರೊಟ್ಟಿಯ ಗಂಟು. ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹತ್ತತೊಡಗಿದ. ಆರನೆಯ ಕುಣಿ ದಾಟಿದ. ಬೆರಳು ನಿಂತಿತು.

“ಲೇ, ನಂದೆಲ್ಲೈತಿ?”

ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ಹಾಳು ಬಾಯಿಯಿಂದ ಬಂದದ್ದೇನು ಗೊತ್ತೇ? “ಸಾರ್ವಜನಿಕ ಹಿತದೃಷ್ಟಿಯಿಂದ ಕೆರಿ ಮಾಡಬೇಕಾತು.”

ಅವನು ಎದ್ದ. ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟ. “ಬರತೇನ್ರಿ ಎಂಜಿನಿಯರ್ ಸಾಹೇಬ್ರ. ತಮ್ಮ ಕೆರಿ ಛಲೋ ಆಗೇತಿ” ಎಂದು ಮೂರು ಮೆಟ್ಟಿಲನ್ನು ಒಂದೂ ಮುಕ್ಕಾಮಿಲ್ಲದೆ ಇಳಿದುಹೋದ. ಸಿಟ್ಟು ಮೊಣಕಾಲಿಗೆ ಇಷ್ಟು ಒಳ್ಳೆಯ ಔಷಧವೆಂದು ನನಗೆ ಗೊತ್ತಿರಲಿಲ್ಲ.

೬. ಅರ್ಜಿ

ಎಂಟು ದಿನ ಬರಲಿಲ್ಲ. ನಾಲ್ಕೂವರೆಗೆ ಹೆಂಡತಿ ರೂಢಿಯಂತೆ ಮೂರು ಕಪ್ಪು ಚಹಾ ಮಾಡಿ, ಒಂದನ್ನು ನನ್ನ ಮುಖ ನೋಡುತ್ತ ಮೋರಿಗೆ ಸುರಿಯುತ್ತಿದ್ದಳು. ಒಂಬತ್ತನೆಯ ದಿನ ಅಂಚೆಯಲ್ಲಿ ಒಂದು ಲಕೋಟೆ ಬಂತು. ಎರಡು ಓಣಿ ಆಚೆಯಿಂದ, ಅಂಚೆಯಲ್ಲಿ!

“ಮಾನ್ಯರೆ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಏಳನೆಯ ಕುಣಿಯ ಜಾಗದಲ್ಲಿ ಅರ್ಜಿದಾರನು ದಿನಂಪ್ರತಿ ಸಂಜೆ ಹತ್ತಿ ಕುಳಿತುಕೊಳ್ಳುತ್ತಿದ್ದು, ಸದರಿ ಜಾಗವನ್ನು ಯಾವುದೇ ಪೂರ್ವಸೂಚನೆ ಇಲ್ಲದೆ ಮುಳುಗಿಸಲಾಗಿದೆ. ಅರ್ಜಿದಾರನಿಗೆ ಹತ್ತಲು ಬೇರೆ ಗುಡ್ಡ ಇರುವುದಿಲ್ಲ. ಕಾರಣ ಜಾಗಕ್ಕೆ ಜಾಗ ಕೊಡಬೇಕಾಗಿ ಪ್ರಾರ್ಥನೆ.”

ಕೆಳಗೆ ನಕಾಶೆ, ಅಳತೆ ಸಮೇತ. ಪಕ್ಕದಲ್ಲಿ ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬ ವಿವರ: “ಪೂರ್ವಕ್ಕೆ ನೀರು. ಪಶ್ಚಿಮಕ್ಕೆ ನೀರು. ಉತ್ತರಕ್ಕೆ ನೀರು. ದಕ್ಷಿಣಕ್ಕೆ ನೀರು.” ಕಡೆಯ ಸಾಲಿನಲ್ಲಿ “ಮುಳುಗಿದ ದಿನ” ಎಂದು ಬರೆದು ಜಾಗ ಖಾಲಿ ಬಿಟ್ಟು, ಪೆನ್ಸಿಲಿನಲ್ಲಿ ಒಂದು ಟಿಪ್ಪಣಿ: “ಇದನ್ನು ಮುಳುಗಿಸಿದವರು ತುಂಬತಕ್ಕದ್ದು.”

ನಾನು ಚೆಕ್ಕುಬಂದಿ ಓದಿ ಬಿದ್ದು ಬಿದ್ದು ನಕ್ಕೆ. ಹೆಂಡತಿ ಕಾಗದ ಕಸಿದುಕೊಂಡು ಓದಿದಳು, ನಗಲಿಲ್ಲ.

“ಹತ್ತಾಕ ಬ್ಯಾರೆ ಗುಡ್ಡಾ ಇಲ್ಲಂತ ಬರದಾರಲ್ರಿ, ಅದನ್ನ ಓದಿದ್ರೋ ಇಲ್ಲೋ? ಅಷ್ಟ ದೊಡ್ಡ ಗುಡ್ಡಾ ಹತ್ತತಿದ್ದ ಮನಶ್ಯಾ ಈಗ ನಮ್ಮನಿ ಮೆಟ್ಟಲಾನೂ ಹತ್ತವಲ್ರು. ಸುಡ್ರಿ ನಿಮ್ಮ ಕೆರಿ!”

ಆಮೇಲೆ ಮೆಲ್ಲಗೆ ಅಂದಳು: “ನನಗರ ಮೊದಲ ಗೊತ್ತಿತ್ತು. ಗುಡಿ ಇಲ್ಲದ ಗುಡ್ಡಾ ಯಾರಿಗೂ ಛಲೋ ಮಾಡಂಗಿಲ್ಲ.”

೭. ಜಾಗಕ್ಕೆ ಜಾಗ

ಕೆರೆ ಒಣಗಿಸಲು ನೋಡಿದೆ. ನೀರು ಇಳಿಸಿದರೆ ಕೆಳಗೆ ಬರೀ ಬೋಗುಣಿ. ಕಲ್ಲು, ಗಿಡ, ಬೆಂಚು ಎಲ್ಲವನ್ನೂ ಆಟ ತಾನೇ ಅಳಿಸಿಹಾಕಿತ್ತು. ಅವನು ತಿಂಗಳುಗಟ್ಟಲೆ ಹತ್ತಿದ ಆ ಜಾಗವನ್ನು ಮತ್ತೆ ಹಾಗೆಯೇ ಎಬ್ಬಿಸಲು ನನ್ನಿಂದಾಗಲಿಲ್ಲ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಅದು ಬೇರೆಯದೇ ಆಯಿತು. ಕೊನೆಗೆ ಎಲ್ಲಕ್ಕಿಂತ ಮೇಲೆ, ಹಿಮದ ಕೆಳಗೇ, ಇನ್ನೆಂದೂ ನೀರು ಮುಟ್ಟದ ಕಡೆ ಒಂದು ಸಮತಟ್ಟು ಮಾಡಿ, ಗಿಡ ನೆಟ್ಟು, ಬೆಂಚು ಇಟ್ಟು, ನಾಲ್ಕು ಕಲ್ಲು ನಿಲ್ಲಿಸಿ, ಅವನ ಮನೆಗೆ ಹೋದೆ.

“ಅರ್ಜಿದಾರರು ಸ್ಥಳ ಪರಿಶೀಲನಾಕ್ಕ ಖುದ್ದ ಹಾಜರಿರಬೇಕು” ಎಂದೆ.

“ತಾವು ಮುಂದ ನಡೀರಿ. ಬರತೇನಿ” ಎಂದ. ಎರಡು ಓಣಿ ದಾಟಲು ಅರ್ಧ ತಾಸು ಹಿಡಿಯಿತು. ನಾನು ಕೈ ಚಾಚಿದರೆ ಅವನು ಗೋಡೆ ಹಿಡಿದುಕೊಂಡ.

ಕೂತ. ಬುಡದಿಂದ ಹತ್ತತೊಡಗಿದ. ಕೆರೆ ಬಂದಾಗ ದಂಡೆಗುಂಟ ಸುಮ್ಮನೆ ದಾಟಿದ. ಎಂಟನೆಯ ಕುಣಿ, ಅಲ್ಲಿಂದ ಕಡಿದಾದ ಏರು. ನಡುವೆ ಬೆರಳು ಎತ್ತಿಬಿಟ್ಟ. ಒಂದು ನಿಮಿಷವಾಯಿತು, ಎರಡಾಯಿತು. ಚಹಾ ಹಿಡಿದು ಹೆಂಡತಿ ಬಾಗಿಲಲ್ಲೇ ನಿಂತಳು.

“ಯಾಕ್ರಿ ಸರ್ವೇಯರ್ ಸಾಹೇಬ್ರ, ಜಾಗಾ ಪಸಂತ ಬರಲಿಲ್ಲೇನು?”

ಅವನು ಮೇಜಿನ ಕೆಳಗೆ ಎರಡೂ ಕೈಯಿಂದ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. “ಇಷ್ಟ ಮ್ಯಾಲ ಯಾಕ ಕೊಟ್ಟೀಲೇ, ಹಲ್ಕಟ್? ಕಾಲ ಹಿಡಕೊಂಡಾವು!”

ಹೆಂಡತಿ ಚಹಾ ಚೆಲ್ಲಿಕೊಂಡು ನಗುತ್ತ ನೀರಿನ ತಂಬಿಗೆ ತರಲು ಒಳಗೆ ಓಡಿದಳು. “ಮ್ಯಾಲ ಕಳಸ್ರಿ ವೈನಿ, ಈ ಸಲ ಭಾಳ ಮ್ಯಾಲ!” ಎಂದು ಅವನು ಕೂಗಿದ.

ಅಂತೂ ಬೆಂಚು ಮುಟ್ಟಿದ. ಅಲ್ಲಿಂದ ಕೆಳಗೆ ನೋಡಿದರೆ ಕೆರೆ ಪೂರಾ ಕಾಣುತ್ತದೆ. ಪರದೆಯ ಮೇಲೆ ಬೆರಳಿಟ್ಟು, “ಅಲ್ಲಿ ನೋಡು, ನಡುವಿಗಿಂತ ಒಂಚೂರು ಎಡಕ್ಕ. ಅಲ್ಲಿತ್ತು ನಂದು” ಎಂದ. ಊರು ಮುಳುಗಿದವರು ದಂಡೆಯಲ್ಲಿ ನಿಂತು ತೋರಿಸುತ್ತಾರಲ್ಲ, ಹಾಗೆ. ನಗಬೇಕೆಂದುಕೊಂಡೆ, ಆಗಲಿಲ್ಲ.

ಆಮೇಲೆ ಅರ್ಜಿಯನ್ನು ಕೇಳಿ ಪಡೆದು ನನ್ನ ಮುಂದೆ ಸರಿಸಿದ. “ಖಾಲಿ ಬಿಟ್ಟದ್ದು ತುಂಬು. ಆಮ್ಯಾಲ ಚಾ ಕುಡೀತೀನಿ.”

ಪೆನ್ನು ತೆಗೆದು, ಅವನು ನೋಡುತ್ತಿದ್ದಂತೆ ಬರೆದೆ: ರೊಟ್ಟಿ ಪಂಚಮಿ, ಸೋಮವಾರ, ಸಂಜೆ ನಾಲ್ಕು ಗಂಟೆ. ಅರ್ಜಿದಾರರು ರೊಟ್ಟಿ ಕಟ್ಟಿಕೊಂಡು ಮನೆ ಬಿಡುವ ಹೊತ್ತು.