ಗ್ಯಾನಪ್ಪನ ಪಡಸಾಲೆ ಮಷೀನು

ತುರ್ವಿಹಾಳದ ಗ್ಯಾನಪ್ಪನ ಮನೆತನದಲ್ಲಿ ಮುತ್ತಜ್ಜನ ಕಾಲದಿಂದ ಒಬ್ಬ ರಿಪೇರಿ ಮಿಸ್ತ್ರಿಯೂ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಮುತ್ತಜ್ಜ ಹುಲುಗಪ್ಪ ಹಲ್ಲುನೋವು ಬಂದಾಗ ಯಾರನ್ನೂ ಕರೆಯದೆ, ಹಲ್ಲಿಗೆ ದಾರ ಕಟ್ಟಿ, ದಾರದ ತುದಿಯನ್ನು ನೊಗಕ್ಕೆ ಬಿಗಿದು, ಎತ್ತುಗಳಿಗೆ ತಾನೇ "ಹೊಯ್" ಎಂದವನು. ಕಿತ್ತು ಬಂದದ್ದು ಪಕ್ಕದ ಒಳ್ಳೆಯ ಹಲ್ಲು. ಆದರೇನು, ಮರುದಿನ ಎತ್ತು ಮತ್ತೆ ಹೂಡಿದ. ಅಜ್ಜ ದುರುಗಪ್ಪ ನಿಜಾಮನ ಕಾಲದ ಸಾಹೇಬರೊಬ್ಬರ ನಿಂತ ಗಡಿಯಾರವನ್ನು ಬಿಚ್ಚಿ, ಎರಡೇ ಎರಡು ಚಕ್ರ ಮಿಗಿಸಿ, ಮತ್ತೆ ಓಡಿಸಿಕೊಟ್ಟವನು. ಅದು ಹಿಂದಕ್ಕೆ ಓಡಿತು ಎಂಬುದು ಆಗದವರು ಹಬ್ಬಿಸಿದ ಮಾತು. ಇನ್ನು ಅಪ್ಪ, ಕಾಲುವೆಯ ನೀರು ಬಂದ ಹೊಸತರಲ್ಲಿ ಡೀಸೆಲ್ ಪಂಪು ಕೆಟ್ಟಾಗ, ಸಿಂಧನೂರಿನಿಂದ ಬಂದಿಳಿದ ಮಿಸ್ತ್ರಿಗೆ ಬಸ್‌ಸ್ಟ್ಯಾಂಡಿನಲ್ಲೇ ಚಹಾ ಕುಡಿಸಿ, ಅದೇ ಬಸ್ಸಿಗೆ ಹತ್ತಿಸಿ ಕಳಿಸಿದವನು. ಆ ಪಂಪು ಇವತ್ತಿಗೂ ಹಿತ್ತಲಲ್ಲಿದೆ. ಗ್ಯಾನಪ್ಪನ ಹೆಂಡತಿ ಗದ್ದೆಮ್ಮ ಅದರ ಮೇಲೆ ಹಪ್ಪಳ ಒಣಗಿಸುತ್ತಾಳೆ.

ಇಂಥ ಮನೆತನದ ಕುಡಿಗೆ ಸವಾಲು ಬಂದದ್ದು ಮಸ್ಕಿಯಿಂದ.

ಗ್ಯಾನಪ್ಪನ ಮಗ ಲಿಂಗಸುಗೂರಿನಲ್ಲಿ ನೌಕರಿ ಮಾಡುತ್ತಾನೆ. ಅವನ ಮಗಳು ಯಶೋಧರಾ ರಜೆ ಬಿಟ್ಟೊಡನೆ ತುರ್ವಿಹಾಳದ ಬಸ್ಸು ಹತ್ತುತ್ತಿದ್ದಳು. ಕಳೆದ ದಸರೆಗೆ ಮಾತ್ರ ಬರಲಿಲ್ಲ. ತಾಯಿಯ ತಂದೆ ನರಸಣ್ಣನ ಮನೆಗೆ, ಮಸ್ಕಿಗೆ ಹೋದಳು. ಕಾರಣ ಕೇಳಿದರೆ ಫೋನಿನಲ್ಲಿ ನಗುತ್ತಾ, "ಮಸ್ಕಿ ತಾತ ಟಿವಿಗೆ ಹಚ್ಚೋ ಗೇಮಿನ ಡಬ್ಬಿ ತಂದಾನ, ತಾತ" ಎಂದಳು. ಅವಳಿಗೆಂದು ಕಟ್ಟಿಸಿದ್ದ ಶೇಂಗಾ ಉಂಡಿಯನ್ನು ಗ್ಯಾನಪ್ಪ ಒಬ್ಬನೇ ತಿಂದು ಮುಗಿಸಿದ.

ಬೇಸಿಗೆ ರಜೆ ಹತ್ತಿರ ಬಂದಿತು. ಗದ್ದೆಮ್ಮ ಸುಮ್ಮನಿರಲಾರದೆ, "ನೀವೂ ಅಂಥಾ ಡಬ್ಬಿ ಒಂದು ತರ್ರಿ. ಹುಡುಗಿ ಬರ್ತಾಳ" ಎಂದಳು.

"ಬಿಚ್ಚಾಕ ಬರಲಾರದ ಸಾಮಾನು ಈ ಮನ್ಯಾಗ ಬರಂಗಿಲ್ಲ. ಆ ಡಬ್ಬಿಗೆ ಒಂದು ಸ್ಕ್ರೂ ಸುದ್ದ ಕಾಣಂಗಿಲ್ಲ. ಕೆಟ್ರ ಮುಂದ ಕುಂತು ಅಳಬೇಕಷ್ಟ. ನಾ ಕಂಪ್ಯೂಟರ್ ಕಟ್ತೀನಿ. ಅದನ್ನ ಟಿವಿಗೆ ಹಚ್ತೀನಿ. ಅದ ಆಟ, ಅಂಥದ್ದ ರಿಮೋಟು. ಆದ್ರ ಮಷೀನು ನಂದು."

"ಮನ್ನೆ ಮಿಕ್ಸರ್ ನೀವ ಕಟ್ಟಿದ್ರಿ. ಅದು ಈಗ ಚಟ್ನಿ ಮ್ಯಾಲಕ್ಕ ಉಗುಳತೈತಿ."

"ಅದು ಮಿಕ್ಸರಿನ ಸ್ವಭಾವ."

ತೆಲುಗು ವಿಡಿಯೊಗಳನ್ನು ನೋಡಿ ನೋಡಿ ವಿದ್ಯೆ ಸಂಪಾದಿಸಿದ ಗ್ಯಾನಪ್ಪ, ಸಿಂಧನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಆಸೀಫನ ಮುಂದೆ ಹೋಗಿ ನಿಂತ. ಸಾಮಾನೆಲ್ಲ ಬಿಡಿಬಿಡಿಯಾಗಿ ಚೀಲಕ್ಕೆ ತುಂಬಿಸಿಕೊಂಡ. "ನಾ ಬಂದು ಜೋಡಿಸಿ ಕೊಡ್ತೀನ್ರಿ, ಫುಕಟ್, ರೊಕ್ಕ ಬ್ಯಾಡ" ಎಂದ ಆಸೀಫ್. ಗ್ಯಾನಪ್ಪ ಚೀಲವನ್ನು ಎದೆಗೆ ಅವುಚಿಕೊಂಡು ಬಸ್ಸು ಹತ್ತಿದ.

ಮಷೀನು ಎದ್ದಿತು. ಇದನ್ನು ಅವನ ಶತ್ರುಗಳೂ ಒಪ್ಪಬೇಕು. ಪಡಸಾಲೆಯ ಗೋಡೆಯಲ್ಲಿ, ಟಿವಿಯ ಕೆಳಗೆ ಇದ್ದ ಹಳೆಯ ಗೂಡಿನಲ್ಲಿ ಅದು ದೇವರ ಹಾಗೆ ಕೂತಿತು. ಗದ್ದೆಮ್ಮ ಕುಂಕುಮ ಹಚ್ಚಿದಳು. ಆದರೆ ಆಟ ಶುರುವಾಗಿ ತುಸು ಹೊತ್ತಿಗೆ ಮಷೀನು ಕಾದು ಹಂಚಾಗಿ, ತಾನೇ ಆರಿ ಕೂತಿತು.

ಆಸೀಫನಿಗೆ ಫೋನು ಹೋಯಿತು. ಸಹಾಯಕ್ಕಲ್ಲ, ಬೈಯುವುದಕ್ಕೆ.

"ಫ್ಯಾನ್ ಹೆಂಗ ಕುಂದ್ರಿಸೀರಿ?"

"ಎಲ್ಲಾ ಮುಂದಕ್ಕ ಊದೋಹಂಗ."

"ಅಲ್ರೀ, ಗಾಳಿ ಮುಂದಿಂದ ಒಳಗ ಬರಬೇಕು, ಹಿಂದಿಂದ ಹೊರಗ ಹೋಗಬೇಕು. ಸಂಜಿಗೆ ನಾ ಬಂದು ತಿರುಗಿಸಿ ಕೊಡ್ತೀನಿ."

"ತಮ್ಮಾ, ನೀ ಹುಟ್ಟೋಕಿಂತ ಮೊದಲಿಂದ ನಾ ಕಣದಾಗ ಫ್ಯಾನ್ ಹಚ್ಚಿ ನೆಲ್ಲು ತೂರೀನಿ. ಗಾಳಿ ಯಾವತ್ತೂ ಬೆನ್ನಹಿಂದಿಂದ ಬರಬೇಕು, ಹೊಟ್ಟು ಮುಂದಕ್ಕ ಹಾರಬೇಕು. ಬಿಸಿ ಅಂದ್ರ ಮಷೀನಿನ ಹೊಟ್ಟು. ನನಗ ಗಾಳಿ ಕಲಿಸಬ್ಯಾಡ."

ದೋಷ ಫ್ಯಾನಿನದಲ್ಲ, ಹಿಂದಿನಿಂದ ಗಾಳಿ ಸಾಲದು ಎಂದು ತೀರ್ಮಾನವಾಯಿತು. ಗ್ಯಾನಪ್ಪ ಉಳಿ ಸುತ್ತಿಗೆ ತಂದು, ಗೂಡಿನ ಹಿಂಗೋಡೆಯ ಇಟ್ಟಂಗಿಗಳನ್ನು ಕಿತ್ತು, ಹಳೆಯ ಕೂಲರಿನ ಫ್ಯಾನೊಂದನ್ನು ಅಲ್ಲಿ ಕೂರಿಸಿದ. ಮಷೀನಿನ ಬೆನ್ನಿಗೆ ಈಗ ಬಿರುಗಾಳಿ. ಗೋಡೆಯ ಆಚೆ ಬದಿಯಿಂದ ಗದ್ದೆಮ್ಮನ ಮುಖ ಕಾಣಿಸಿತು.

"ಇದು ನನ್ನ ಒಲಿ ಹಿಂದಿನ ಗ್ವಾಡಿ ರೀ."

"ಗಾಳಿಗೆ ಒಲಿ ಯಾವುದು, ಗುಡಿ ಯಾವುದು. ನೀ ರೊಟ್ಟಿ ಬಡಿ."

ರಜೆ ಬಿಟ್ಟಿತು. ನರಸಣ್ಣ ಮೊಮ್ಮಗಳನ್ನು ಕರೆದುಕೊಂಡು ಬಂದ. ಬೀಗರ ಮಷೀನನ್ನು ನೋಡಬೇಕು, ನೋಡಿ ನಗಬೇಕು, ಹುಡುಗಿಯನ್ನು ಕರೆದುಕೊಂಡು ಮಸ್ಕಿಗೆ ಮರಳಬೇಕು ಎಂಬ ಮೂರು ಆಸೆಗಳೂ ಅವನ ಮೀಸೆಯಲ್ಲೇ ಕಾಣುತ್ತಿದ್ದವು. ಗೂಡಿನೊಳಗೆ ಬಗ್ಗಿ ನೋಡಿ, "ಏನ್ ಬೀಗರ, ರೈಸ್ ಮಿಲ್ ಇಟ್ಟೀರೇನು?" ಎಂದ.

ಯಶೋಧರಾ ಕರಾರು ಹಾಕಿದಳು: "ತಾತ, ಒಂದು ಟ್ರ್ಯಾಕ್ಟರ್ ರೇಸು ಪೂರಾ ನಿಲ್ಲದಂಗ ಓಡಿತು ಅಂದ್ರ ರಜಾ ಎಲ್ಲಾ ಇಲ್ಲೇ ಇರ್ತೀನಿ. ನಡುವ ಆರಿತು ಅಂದ್ರ ನಾಳೆ ಮಸ್ಕಿ."

ಗ್ಯಾನಪ್ಪ ಒಂದು ರಿಮೋಟು ಹಿಡಿದ, ನರಸಣ್ಣ ಇನ್ನೊಂದು. ಪರದೆಯ ಮೇಲೆ ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರುಗಳು ಹೊರಟವು. ಮಷೀನು ಗುಂಯ್ ಎಂದಿತು, ಆರಲಿಲ್ಲ. ಗ್ಯಾನಪ್ಪನ ಕಣ್ಣು ಪರದೆಯ ಮೇಲಿತ್ತು, ಕಿವಿ ಮಷೀನಿನ ಉಸಿರಿನ ಮೇಲಿತ್ತು. ಕೊನೆಯ ತಿರುವಿಗೆ ಅವನ ಟ್ರ್ಯಾಕ್ಟರೇ ಮುಂದೆ. ಮುಂದಿನದು ನೇರ ದಾರಿ.

ಒಳಗಿನಿಂದ ಗದ್ದೆಮ್ಮ ಕೂಗಿದಳು: "ಪುಂಡಿಪಲ್ಯಕ್ಕ ಒಗ್ಗರಣಿ ಕೊಡ್ಲೇನ್ರಿ? ಆಮ್ಯಾಲ ನನಗ ಅನ್ನಬ್ಯಾಡ್ರಿ."

"ಕೊಡು, ಬೀಗರು ಹಸಿದಾರ."

ಕಾದ ಎಣ್ಣೆಗೆ ಒಣಮೆಣಸಿನಕಾಯಿ ಮುಷ್ಟಿಗಟ್ಟಲೆ ಬಿದ್ದ ಸದ್ದು ಗೋಡೆಯ ತೂತಿನಿಂದಲೇ ಕೇಳಿಸಿತು. ಕೂಲರಿನ ಫ್ಯಾನು ಆ ಘಾಟನ್ನು ಒಂದೇ ಉಸಿರಿಗೆ ಎಳೆಯಿತು. ಒಳಗಿನ ಫ್ಯಾನುಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿದವು. ಕಣದಲ್ಲಿ ಹೊಟ್ಟು ಹಾರುವ ಹಾಗೆ, ಗ್ಯಾನಪ್ಪ ಹೇಳಿದ್ದ ದಿಕ್ಕಿಗೇ, ಬೀಗರ ಮುಖಕ್ಕೆ ಗುರಿಯಿಟ್ಟು ಅದು ಬಂತು.

ನರಸಣ್ಣ ಮೊದಲ ಸೀನಿಗೆ ರಿಮೋಟು ಬಿಟ್ಟ, ಎರಡನೆಯದಕ್ಕೆ ಮುಂದಿದ್ದ ಚೂಡಾ ಅವಲಕ್ಕಿಯ ತಟ್ಟೆ ಕೆಡವಿದ, ಮೂರನೆಯದಕ್ಕೆ ಅಂಗಳದಲ್ಲಿದ್ದ. ಯಶೋಧರಾ ಅವನಿಗಿಂತ ಮುಂಚೆಯೇ ಅಲ್ಲಿದ್ದಳು. ಅಡುಗೆಮನೆಯಲ್ಲಿ ಮಾತ್ರ ಗಾಳಿ ತಿಳಿಯಾಗಿತ್ತು. ಗದ್ದೆಮ್ಮ ಇಷ್ಟು ಹಾಯಾಗಿ ಎಂದೂ ಒಗ್ಗರಣೆ ಹಾಕಿರಲಿಲ್ಲ.

ಗ್ಯಾನಪ್ಪ ಕದಲಲಿಲ್ಲ. ಕಣ್ಣು ಮುಚ್ಚಿಹೋಗಿ, ಮೂಗು ಹರಿದು, ಉಸಿರು ಕಟ್ಟಿದರೂ ಮುತ್ತಜ್ಜ ಹುಲುಗಪ್ಪನನ್ನು ನೆನೆದು ಗುಂಡಿ ಒತ್ತಿಯೇ ಒತ್ತಿದ. ಟಿವಿಯಲ್ಲಿ ಡೋಲು ಬಾರಿಸಿದ ಸದ್ದಾಯಿತು. ರೇಸು ಮುಗಿದಿತ್ತು. ಮಷೀನು ಆರಿರಲಿಲ್ಲ. ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡು ನೋಡಿದರೆ, ಅವನ ಟ್ರ್ಯಾಕ್ಟರು ಹೊಂಡದಲ್ಲಿ ತಲೆಕೆಳಗಾಗಿ ನಿಂತಿದೆ. ಗೆರೆ ದಾಟಿ ಗೆದ್ದದ್ದು ನರಸಣ್ಣನದು. ಅವನು ಬಿಟ್ಟುಹೋದ ರಿಮೋಟಿನ ಗುಂಡಿಯ ಮೇಲೆ ಚೂಡಾದ ತಟ್ಟೆ ಕೂತಿತ್ತು.

ಅಂಗಳಕ್ಕೆ ಬಂದ ಗ್ಯಾನಪ್ಪನ ಮುಖ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. "ಮಷೀನು ನಿಂತಿಲ್ಲ" ಎಂದ.

ಯಶೋಧರಾ ಸೀನುತ್ತ, ನಗುತ್ತ, "ಇಲ್ಲೇ ಇರ್ತೀನಿ ತಾತ" ಎಂದಳು.

"ಮಷೀನು ಚೊಲೋ ಐತಿ ಹೌದಲ್ಲ?"

"ಮಷೀನಿನ ಸಲುವಾಗಿ ಅಲ್ಲ. ಮಸ್ಕಿ ತಾತನ ಡಬ್ಬಿ ಮುಂದ ಇಂಥಾ ಮಜಾ ಒಂದು ದಿನಾನೂ ಆಗಿಲ್ಲ. ನೀ ನಾಳೆ ಏನು ಮಾಡ್ತಿ ನೋಡಬೇಕು."

ಗದ್ದೆಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಬಾಗಿಲಲ್ಲಿ ನಿಂತು, ಫ್ಯಾನಿನ ಬಗ್ಗೆ ಅಂಗಡಿಯ ಆಸೀಫ್ ಹೇಳಿದ್ದನ್ನೆಲ್ಲ ಬೀಗರಿಗೆ ಒಪ್ಪಿಸಿದಳು. ನರಸಣ್ಣನಿಗೂ ಕನಿಕರ ಹುಟ್ಟಿತು. ಕಣ್ಣೊರೆಸಿಕೊಳ್ಳುತ್ತ ಫೋನು ತೆಗೆದ. "ಆಸೀಫನ್ನ ಕರೀಲೇನ್ ಬೀಗರ? ಫ್ಯಾನ್ ಒಂದ ತಿರುಗಿಸಿದ್ರ ಎಲ್ಲಾ ಬರೋಬರಿ ಆಗತೈತಿ."

ಗ್ಯಾನಪ್ಪ ಮೂಗು ಸೀಟಿಕೊಂಡು, ಮೂಲೆಯಲ್ಲಿದ್ದ ಉಳಿ ಸುತ್ತಿಗೆಯನ್ನು ಕೈಗೆತ್ತಿಕೊಂಡ.

"ಯಾರನ್ನೂ ಕರೀಬ್ಯಾಡ್ರಿ. ಫ್ಯಾನ್ ಬರೋಬರಿ ಐತಿ. ಒಲಿ ಕುಂತಿದ್ದು ತಪ್ಪು ಜಾಗಾ. ನಾಳೆ ಅಡಿಗಿಮನಿ ನಾನ ಸರಸ್ತೀನಿ."